ಸಿಸ್ಟರಮ್ಮನ ಓದು ಯಾರ ಹೊತ್ತಲ್ಲಿ?

ಆನ್‌ಲೈನ್ ಕ್ಲಾಸ್ ಅಂದ್ರೆ ನರ್ಸಮ್ಮಂದಿರು ಮೂಗು ಮುರೀತಾರೆ, ಅವ್ರಿಗೆ ಕಲಿಯೋ ಮನಸ್ಸೇ ಇಲ್ಲ ಅಂತ ಆಡ್ಕೊಳೋರು ನಮ್ ತುಮಕೂರಲ್ಲೂ ಅವ್ರೆ. ನಾನಂತೂ ಒಪ್ಪಲ್ಲ ಕಣ್ರಿ. ನಮ್ ನೆಂಟರಲ್ಲೇ ಮೂರು ಜನ ನರ್ಸ್‌ಗಳವ್ರೆ. ಮೂರು ಜನಕ್ಕೂ ಕಲಿಯೋ ಆಸೆ ಐತೆ. ಇಲ್ದೇ ಇರೋದು ಹೊತ್ತು.

ಗುಬ್ಬಿಲಿರೋ ನಮ್ ನಾದಿನಿ ಮಗಳಿಗೆ ಆನ್‌ಲೈನ್ ಅಂದ್ರೆ ಇಷ್ಟ. ಮೊದ್ಲು ಒಂದು ತರಬೇತಿಗೆ ಬೆಂಗ್ಳೂರಿಗೆ ಹೋಗ್ಬೇಕು ಅಂದ್ರೆ ರಜ ಹಾಕ್ಬೇಕು, ಬೆಳಗ್ಗೆನೇ ರೈಲು ಹಿಡೀಬೇಕು, ಮಗೂನ ಯಾರ್ ಮನೇಲಾದ್ರೂ ಬಿಡ್ಬೇಕು. ಈಗ ಮಗು ಮಲಗಿದ್ಮೇಲೆ ಫೋನ್ ಹಿಡ್ಕೊಂಡು ಕೂತ್ಕೊತಾಳೆ. ಕುಣಿಗಲ್‌ನಲ್ಲಿರೋ ನಮ್ಮಕ್ಕನ ಸೊಸೆಗೆ ಅದು ಆಗಿಬರಲ್ಲ. ಪಾಠವೆಲ್ಲ ಇಂಗ್ಲಿಷಲ್ಲಿ ಓಡ್ತದೆ, ಅನುಮಾನ ಬಂದ್ರೆ ಕೇಳೋಕೆ ಎದುರಿಗೆ ಯಾರೂ ಇರಲ್ಲ, ಅಂತಾಳೆ. ಇಲ್ಲೇ ತುಮಕೂರಲ್ಲಿ ಒಂದು ಖಾಸಗಿ ಆಸ್ಪತ್ರೆಲಿರೋಳ ಕಥೆ ಬೇರೆ. ನೈಟ್ ಡ್ಯೂಟಿ ಮುಗಿಸಿ ಬಂದು ಒಂದ್ ಕಡೆ ಸಾರಿಗೆ ಒಗ್ಗರಣೆ, ಇನ್ನೊಂದ್ ಕಡೆ ಫೋನಲ್ಲಿ ಪಾಠ. ಕೊನೇಲಿ ನೆಕ್ಸ್ಟ್, ನೆಕ್ಸ್ಟ್ ಅಂತ ಒತ್ತಿದ್ರೆ ಸರ್ಟಿಫಿಕೇಟ್ ಬಂತು. ಕಲ್ತದ್ದೇನು ಅಂದ್ರೆ ಅವಳೇ ನಗ್ತಾಳೆ.

ಹಂಗಂತ ಕಲೀದೇ ಇದ್ರೆ ನಡೀತದಾ? ಇಲ್ಲ. ವೈದ್ಯದಲ್ಲಿ ನಿನ್ನೆ ಸರಿಯಾಗಿದ್ದು ಇವತ್ತು ಬದಲಾಗಿರ್ತದೆ. ಎದೆ ನಿಂತೋರಿಗೆ ಮಾಡೋ ಸಿಪಿಆರ್ ನೋಡಿ. ಮುಂಚೆ ದೊಡ್ಡೋರಿಗೆ 15 ಸಲ ಎದೆ ಒತ್ತಿ 2 ಸಲ ಉಸಿರು ಕೊಡಿ ಅಂತಿದ್ರು. 2005ರಲ್ಲಿ ಅದು 30ಕ್ಕೆ 2 ಆಯ್ತು. 2010ರಲ್ಲಿ ಉಸಿರು ಆಮೇಲೆ, ಮೊದ್ಲು ಎದೆ ಒತ್ತಿ ಅಂತ ಕ್ರಮವೇ ತಿರುಗ್ತು. 2000ದಲ್ಲಿ ಪಾಸಾದ ನರ್ಸಮ್ಮ ಆಮೇಲೆ ಏನೂ ಕಲೀದೇ ಇದ್ರೆ ನಮ್ ಮನೆಯೋರ ಎದೆ ಮೇಲೆ ಹಳೇ ಲೆಕ್ಕನೇ ಒತ್ತೋದು. ಅದಕ್ಕೇ ಭಾರತೀಯ ನರ್ಸಿಂಗ್ ಕೌನ್ಸಿಲ್ 5 ವರ್ಷಕ್ಕೊಂದು ಸಲ ನೋಂದಣಿ ನವೀಕರಿಸ್ಬೇಕು, ಅಷ್ಟರಲ್ಲಿ 150 ಗಂಟೆ ಕಲಿತಿರ್ಬೇಕು ಅಂತ ಇಟ್ಟಿರೋದು. ಒಳ್ಳೇದೇ.

ಆದ್ರೆ ಯಾವ್ದು ಫೋನಲ್ಲಿ ಕಲಿಯೋದು, ಯಾವ್ದು ಕೈಯಲ್ಲಿ ಕಲಿಯೋದು ಅನ್ನೋದು ಬೇರೆ ಬೇರೆ. ಮಕ್ಕಳ ಭೇದಿಗೆ ಓಆರ್‌ಎಸ್ ಜತೆ ಸತುವಿನ ಮಾತ್ರೆನೂ ಕೊಡ್ಬೇಕು ಅನ್ನೋದು ವಿಡಿಯೋ ನೋಡಿದ್ರೂ ತಲೆಗೆ ಹತ್ತದೆ. 2020ರ ಏಪ್ರಿಲ್‌ನಲ್ಲಿ ಸರ್ಕಾರ ಐಗಾಟ್ ದೀಕ್ಷಾದಲ್ಲಿ ಕೊರೋನಾ ಪಾಠ ಶುರು ಮಾಡ್ದಾಗ ಅದು ಬೇಕಾಗಿತ್ತು. ಎಲ್ರನ್ನೂ ಒಂದ್ ಕೋಣೇಲಿ ಕೂರ್ಸೋ ಹಂಗೇ ಇರ್ಲಿಲ್ಲ. ಆದ್ರೆ ಎದೆ 5 ಸೆಂಟಿಮೀಟರ್ ಆಳ ಒತ್ಬೇಕು, ನಿಮಿಷಕ್ಕೆ 100ರಿಂದ 120 ಸಲ ಅನ್ನೋದು ಕಣ್ಣಿಗೆ ಗೊತ್ತಾಗೋ ವಿಷಯ ಅಲ್ಲ. ಮುದ್ದೆ ತೊಳ್ಸೋದನ್ನ ಯೂಟ್ಯೂಬಲ್ಲಿ ನೂರ್ ಸಲ ನೋಡಿ, ಹಿಟ್ಟು ಗಂಟಾಯ್ತೋ ಬೆಂತೋ ಅನ್ನೋದು ಕೋಲು ಹಿಡಿದ ಕೈಗೇ ತಿಳಿಯೋದು. ಇದೂ ಹಂಗೇ.

ಈಗ ಲೆಕ್ಕ ಹಾಕಿ. 5 ವರ್ಷ ಅಂದ್ರೆ 60 ತಿಂಗಳು. 150 ಗಂಟೇನ ಹಂಚಿದ್ರೆ ತಿಂಗಳಿಗೆ ಎರಡೂವರೆ ಗಂಟೆ, ಒಂದು ಸಿನಿಮಾ ನೋಡೋ ಹೊತ್ತು. ಅಷ್ಟನ್ನ ಆಸ್ಪತ್ರೆಯೋರು ಡ್ಯೂಟಿ ಒಳಗೇ ಕೊಡೋಕಾಗಲ್ವಾ? ವಾರ್ಡ್ ಯಾರ್ ನೋಡ್ತಾರೆ ಅಂತ ಕೇಳ್ತೀರಿ. ಮಾತು ನಿಜ, ಎಲ್ ನೋಡಿದ್ರೂ ಜನ ಕಮ್ಮಿ. ಅದಕ್ಕೇ ಎಲ್ರನ್ನೂ ಒಂದೇ ದಿನ ಕೂರಿಸ್ಬೇಡಿ, ಡ್ಯೂಟಿ ಪಟ್ಟೀಲಿ ಒಬ್ಬೊಬ್ರಿಗೆ ಒಂದೊಂದ್ ದಿನ ಬರೀರಿ. ಆ ಎರಡೂವರೆ ಗಂಟೆ ಉಳಿಸೋಕೆ ಹೋದ್ರೆ ನಿದ್ದೆಗೆಟ್ಟ ಹೆಣ್ಣುಮಗಳ ಕೈಗೆ ಕಾಗದ ಸಿಗ್ತದೆ, ರೋಗಿಗೆ ಏನೂ ಸಿಗಲ್ಲ.

ಪಾಠ ಕನ್ನಡದಲ್ಲಿ ವಿವರಿಸ್ಲಿ. ಔಷಧಿ ಹೆಸರು ಇಂಗ್ಲಿಷಲ್ಲೇ ಇರ್ಲಿ, ಬೇಡ ಅಂದೋರ್ಯಾರು? ಕೈಕೆಲಸದ ಪಾಠಕ್ಕೆ ಬೆಂಗ್ಳೂರಿಗೆ ಕರೀಬೇಡಿ, ಒಂದು ಗೊಂಬೆ ತಂದು ಗುಬ್ಬಿ, ಕುಣಿಗಲ್ ತಾಲ್ಲೂಕು ಆಸ್ಪತ್ರೇಲೇ ಒತ್ತಿಸಿ ನೋಡಿ. ಅಕ್ಕಪಕ್ಕದ ಸಣ್ಣ ನರ್ಸಿಂಗ್ ಹೋಮಿನೋರೂ ಅಲ್ಲಿಗೇ ಬರ್ಲಿ.

ಮನೆಯೋರಿಗೂ ಒಂದ್ ಮಾತು. ಸೊಸೆ ಫೋನ್ ಹಿಡ್ದು ಕೂತ್ರೆ ರೀಲ್ಸ್ ನೋಡ್ತವ್ಳೆ ಅಂತ ಗೊಣಗಬೇಡಿ. ಗಂಡನೋ ಮಗನೋ ಎದ್ದು ಅನ್ನಕ್ಕಿಟ್ರೆ ಏನೂ ಸವೆದೋಗಲ್ಲ. ಅವಳು ಕಲಿಯೋದು ಅವಳೊಬ್ಬಳಿಗಲ್ಲ ಕಣ್ರಿ. ಅದರ ಹೊತ್ತನ್ನೆಲ್ಲ ಅವಳ ನಿದ್ದೇಲೇ ಕಿತ್ಕೊಳೋದು ಯಾವ ನ್ಯಾಯ?