ಮಾಸ್ತರರೂ ಮೆಣಸಿನಕಾಯಿಯೂ

"ಪ್ರಯೋಗಶಾಲೆಯೇ ಇಲ್ಲ, ರಸಾಯನಶಾಸ್ತ್ರ ಕಲಿಸುವುದು ಹೇಗೆ?" ಎನ್ನುವ ಮಾಸ್ತರರನ್ನು ಕಂಡರೆ ನನಗೆ ನಗು ಬರುತ್ತದೆ, ಕದರಮಂಡಲಗಿಯಂಥ ಊರಲ್ಲಿ ಹಾಗೆಂದರೆ ಸಿಟ್ಟೇ ಬರುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಅದೇ ತಾಲೂಕಿನಲ್ಲಿದೆಯಲ್ಲ! ಎರಡು ಗಾಜಿನ ಲೋಟ ತರಿಸಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಅಡಿಗೆಯೆಣ್ಣೆ. ಎರಡಕ್ಕೂ ಚಿಟಿಕೆ ಖಾರದ ಪುಡಿ. ಎಣ್ಣೆ ಕೆಂಪೇರುತ್ತದೆ, ನೀರಿಗೆ ಆ ಕೆಂಪು ಹತ್ತುವುದಿಲ್ಲ. ಬಣ್ಣದ ಕ್ಯಾಪ್ಸಾಂತಿನ್, ಖಾರದ ಕ್ಯಾಪ್ಸೈಸಿನ್ ಎರಡೂ ಎಣ್ಣೆಯಲ್ಲಿ ಕರಗುವಂಥವು. ಒಗ್ಗರಣೆ ಹಾಕುವ ತಾಯಿ ದಿನವೂ ಕಾಣುವುದನ್ನೇ ಮಗ 'ದ್ರಾವ್ಯತೆ' ಎಂದು ಬಾಯಿಪಾಠ ಮಾಡುತ್ತಿದ್ದಾನೆ.

ಇನ್ನು, ಪ್ರೌಢಶಾಲೆಗೆ ಮನಃಶಾಸ್ತ್ರವೇಕೆ ಎನ್ನುವವರು. 1912ರಲ್ಲಿ ಅಮೆರಿಕದ ಸ್ಕೋವಿಲ್ ಖಾರವನ್ನು ಅಳೆದದ್ದು ಮನುಷ್ಯರ ನಾಲಗೆಯಿಂದಲೇ. ಮೆಣಸಿನ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುಮಾಡುತ್ತ, ಖಾರ ಎಲ್ಲಿ ಅಳಿಯಿತೆಂದು ರುಚಿ ನೋಡಿದವರನ್ನು ಕೇಳಿದ. ವಾಸ್ತವವಾಗಿ ಖಾರ ರುಚಿಯೇ ಅಲ್ಲ, ಉರಿ. ಬಿಸಿಯನ್ನರಿಯುವ ನರದ ಗ್ರಾಹಕವನ್ನೇ ಅದು ಕೆರಳಿಸುತ್ತದೆ. ಆ ಗ್ರಾಹಕವನ್ನು ಗುರುತಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಕೆಂಪಾದಷ್ಟೂ ಖಾರವೆಂದು ಪಟ್ಟಣಿಗರು ನಂಬುತ್ತಾರೆ. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿ ಕಾಯಿ ಅದನ್ನು ಸುಳ್ಳುಮಾಡುತ್ತದೆ. ಕಣ್ಣು ನಾಲಗೆಗೆ ಮೊದಲೇ ಏನು ಹೇಳಿಕೊಟ್ಟಿತ್ತು? ಗೆಳೆಯರೆದುರು "ಖಾರವೇ ಇಲ್ಲ" ಎನ್ನುವ ಹುಡುಗನದು ರೂಢಿಯೋ, ಜಂಬವೋ? ಮಕ್ಕಳೇ ವಾದಿಸಲಿ.

ನಾನು ಓದಿದ ಶಾಲೆಯಲ್ಲಿ ಪರೀಕ್ಷಾನಳಿಕೆಗಳು ಇದ್ದವು, ಬೀರುವಿನೊಳಗೆ. ಒಡೆದರೆ ಲೆಕ್ಕ ಕೊಡುವವರಾರೆಂದು ಬೀಗದ ಕೈ ಹೆಡ್ಮಾಸ್ತರರ ಜೇಬಿನಲ್ಲಿತ್ತು. ಮೂರು ವರ್ಷದಲ್ಲಿ ಒಂದನ್ನೂ ನಾನು ಮುಟ್ಟಲಿಲ್ಲ.