ಬಾಗಿಲಿಗೊಂದು ಹಸಿರು ಸಿಂಬೆ

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ಬೆಂಗಳೂರಿನ ದೊಡ್ಡ ಅಂಗಡಿಗಳ ಬಾಗಿಲಿಗೆ ಒಂದೊಂದು ಹಸಿರು ಬಳೆ ಬಂದು ಕೂರುತ್ತದೆ. ದೋಸೆಯ ಕಾವಲಿಯಷ್ಟು ಅಗಲ. ಅದಕ್ಕೊಂದು ಕೆಂಪು ಪಟ್ಟಿಯ ಗಂಟು, ನಾಲ್ಕಾರು ಕೆಂಪು ಗುಂಡುಗಳು, ಹಿಮ ಬಿದ್ದಂತೆ ತೋರಲೆಂದು ತುದಿಗಳಿಗೆ ಬಳಿದ ಬಿಳಿ ಬಣ್ಣ. ಇಂಗ್ಲಿಷಿನಲ್ಲಿ ಇದನ್ನು ರೀತ್ ಎನ್ನುತ್ತಾರೆ. ಅಂಗಡಿಗಳಲ್ಲಷ್ಟೇ ಇದ್ದದ್ದು ಈಗ ಮನೆಗಳ ಬಾಗಿಲಿಗೂ ಬಂದಿದೆ. ಕ್ರೈಸ್ತರ ಮನೆಗಳಿಗೆ ಮಾತ್ರವಲ್ಲ, ಒಳಗೆ ಸತ್ಯನಾರಾಯಣ ಪೂಜೆ ನಡೆಯುವ ಮನೆಗಳಿಗೂ ಬಂದಿದೆ. ಬರಲಿ. ನನ್ನ ತಕರಾರು ರೀತ್ ಬಂದುದರ ಬಗ್ಗೆ ಅಲ್ಲ, ಅದು ಬಂದ ರೀತಿಯ ಬಗ್ಗೆ.

ಈ ವಿಷಯದಲ್ಲಿ ನಮ್ಮ ಸುಶಿಕ್ಷಿತರು ಎರಡು ಪಂಗಡವಾಗಿದ್ದಾರೆ. ಮೊದಲನೆಯವರು, "ಮಾವಿನ ತೋರಣವಿರುವ ಬಾಗಿಲಿಗೆ ಈ ಪರದೇಶದ ಬಳೆ ಏತಕ್ಕೆ?" ಎಂದು ಕೇಳುತ್ತಾರೆ. ಎರಡನೆಯವರು ಏನನ್ನೂ ಕೇಳುವುದಿಲ್ಲ. ಫೋನಿನ ಮೇಲೆ ಬೆರಳಾಡಿಸಿ ಒಂದನ್ನು ತರಿಸಿ, ಮೊಳೆಗೆ ತಗುಲಿಸಿ, ಬಾಗಿಲು ಹಾಕಿಕೊಳ್ಳುತ್ತಾರೆ. ಗದ್ದಲ ಮೊದಲನೆಯವರದು. ಕೆಡುಕು ಹೆಚ್ಚಾಗಿ ಎರಡನೆಯವರದು ಎಂಬುದೇ ನನ್ನ ವಾದ.

ಮೊದಲನೆಯವರಿಗೆ ಉತ್ತರ ಕೊಡುವುದು ಸುಲಭ. "ಇದು ನಮ್ಮದಲ್ಲ" ಎಂಬ ಆಕ್ಷೇಪಣೆ ಹೊಸದಲ್ಲ. ಇದನ್ನು ಮೊಟ್ಟಮೊದಲು ಎತ್ತಿದವರಲ್ಲಿ ಕ್ರೈಸ್ತರೇ ಇದ್ದರು. ಕ್ರಿ. ಶ. ೨೦೦ರ ಸುಮಾರಿನಲ್ಲಿ ಕಾರ್ಥೇಜಿನಲ್ಲಿದ್ದ ತೆರ್ತುಲಿಯನ್ ಎಂಬ ಕಟ್ಟುನಿಟ್ಟಿನ ಲೇಖಕ ತನ್ನ ಮತದವರನ್ನೇ ಚೆನ್ನಾಗಿ ಗದರಿಸಿದ್ದಾನೆ: ರೋಮನರು ತಮ್ಮ ದೇವತೆಗಳಿಗಾಗಿ ಬಾಗಿಲಿಗೆ ದೀಪ ಹಚ್ಚಿ ಲಾರೆಲ್ ಎಲೆ ಕಟ್ಟುತ್ತಾರೆ, ಈಗ ನೋಡಿದರೆ ಕ್ರೈಸ್ತರ ಬಾಗಿಲುಗಳಲ್ಲೇ ಅವು ಹೆಚ್ಚಾಗಿ ಕಾಣುತ್ತಿವೆಯಲ್ಲ ಎಂದು. ಲಾರೆಲ್ ಎಂದರೆ ನಮ್ಮ ಪಲಾವಿನ ಎಲೆಯ ಬಳಗದ್ದು. ಸೈನಿಕನೊಬ್ಬ ಅದರ ಮಾಲೆಯನ್ನು ತಲೆಗೆ ಮುಡಿಯಲೊಲ್ಲದೆ ಸೆರೆ ಸೇರಿದ್ದನ್ನು ಹೊಗಳಲು ಆತ ಒಂದು ಪುಸ್ತಕವನ್ನೇ ಬರೆದ. ಇಷ್ಟೆಲ್ಲ ಆದ ಮೇಲೂ ಎಲೆ ಬಾಗಿಲಿನಿಂದ ಕದಲಲಿಲ್ಲ.

ಇಂಗ್ಲೆಂಡಿನ ಪಾರ್ಲಿಮೆಂಟು ೧೬೪೭ರಲ್ಲಿ ಕ್ರಿಸ್ಮಸ್ ಹಬ್ಬವನ್ನೇ ರದ್ದು ಮಾಡಿತು. ಆ ವರ್ಷದ ಹಬ್ಬದ ದಿನ ಕ್ಯಾಂಟರ್‌ಬರಿಯ ಜನ ಅಂಗಡಿ ತೆರೆಯಲೊಪ್ಪದೆ ದಂಗೆಯೆದ್ದು, ಹಾಲಿ ಎಂಬ ಮುಳ್ಳೆಲೆಯ ಗಿಡದ ಕೊಂಬೆಗಳನ್ನು ಹಟಕ್ಕೆ ಬಿದ್ದು ಬಾಗಿಲಿಗೆ ಕಟ್ಟಿದರು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ೧೬೫೯ರಿಂದ ೧೬೮೧ರವರೆಗೆ ಈ ಹಬ್ಬ ಆಚರಿಸಿದವರಿಗೆ ಐದು ಷಿಲಿಂಗು ದಂಡ. ಅಂದಮೇಲೆ ಬಾಗಿಲ ಮೇಲಿನ ಸೊಪ್ಪಿನ ಜಾತಿ ವಿಚಾರಿಸುವವರಿಗೆ ಜಗತ್ತಿನಲ್ಲಿ ಎಂದೂ ಕೊರತೆಯಿರಲಿಲ್ಲ. ಅವರ ಮಾತು ಕೇಳಿ ಸೊಪ್ಪು ಕಟ್ಟುವುದನ್ನು ಬಿಟ್ಟ ಊರು ಮಾತ್ರ ಅಪರೂಪ.

ಇನ್ನೊಂದು ಆಕ್ಷೇಪಣೆಗೆ ಇದಕ್ಕಿಂತ ತೂಕವಿದೆ. ನಮ್ಮಲ್ಲಿ ಹೂವಿನ ಚಕ್ರವೆಂದರೆ ಹುತಾತ್ಮರ ಸ್ಮಾರಕಕ್ಕೆ, ದೊಡ್ಡವರ ಪಾರ್ಥಿವ ಶರೀರಕ್ಕೆ ಇಡುವಂಥದು. ಪತ್ರಿಕೆಗಳು ಅದನ್ನು ಪುಷ್ಪಚಕ್ರ ಎಂದು ಬರೆಯುತ್ತವೆ. "ಹೆಣಕ್ಕಿಡುವುದನ್ನು ಮನೆ ಬಾಗಿಲಿಗೆ ತೂಗುವುದೆ?" ಎಂದು ನಮ್ಮ ಕಟ್ಟಡದ ಹಿರಿಯರೊಬ್ಬರು ಮುಖ ಸಿಂಡರಿಸಿದರು. ಯೂರೋಪಿನಲ್ಲಿಯೂ ಸಮಾಧಿಗೆ ಅದೇ ಚಕ್ರ, ಹಬ್ಬಕ್ಕೂ ಅದೇ ಚಕ್ರ. ಅದರಲ್ಲಿ ಅಶುಭವೇನೂ ನನಗೆ ಕಾಣದು. ಮದುವೆಯ ಹಾರವನ್ನೂ ಚಟ್ಟದ ಹಾರವನ್ನೂ ನಾವು ಒಂದೇ ಮಾರುಕಟ್ಟೆಯ ಒಂದೇ ಬುಟ್ಟಿಯಿಂದ ತರುವವರಲ್ಲವೆ?

ಇನ್ನು ಎರಡನೆಯ ಪಂಗಡ. ಅವರೊಡನೆ ಜಗಳವಾಡುವ ಮೊದಲು ಈ ಬಳೆ ಅದರ ಸ್ವಂತ ಊರಿನಲ್ಲಿ ಏನಾಗಿತ್ತೆಂಬುದನ್ನು ನೋಡಬೇಕು. ಜರ್ಮನಿಯ ಹ್ಯಾಂಬರ್ಗಿನಲ್ಲಿ ಡಿಸೆಂಬರ್ ಕೊನೆಯ ವಾರದಲ್ಲಿ ಸೂರ್ಯ ಹುಟ್ಟುವಾಗ ಬೆಳಗಿನ ಎಂಟೂವರೆ. ಸಂಜೆ ನಾಲ್ಕಕ್ಕೆಲ್ಲ ಅವನ ಕಥೆ ಮುಗಿಯಿತು. ನೆಲ ಹೆಪ್ಪುಗಟ್ಟಿ ಬೇರಿಗೆ ನೀರು ಸಿಕ್ಕದು. ಅಗಲವಾದ ಎಲೆಯ ಮರಗಳು ನೀರು ಉಳಿಸಿಕೊಳ್ಳಲು ಎಲೆಗಳನ್ನೆಲ್ಲ ಉದುರಿಸಿ ಕಡ್ಡಿಗಳಾಗಿ ನಿಲ್ಲುತ್ತವೆ. ಆಗ ಹಸಿರಾಗಿ ಉಳಿಯುವವು ಸೂಜಿಯಂಥ, ಮೇಣದ ಲೇಪವಿರುವ ಎಲೆಯ ಫರ್, ಪೈನ್ ಮರಗಳು; ಅವುಗಳ ಜೊತೆಗೆ ಹಾಲಿ, ಐವಿ ಬಳ್ಳಿಯಂಥ ಕೆಲವು ಗಿಡಗಳು. ಅಂಥ ದೇಶದಲ್ಲಿ ಒಂದು ಹಸಿರು ಕೊಂಬೆಯನ್ನು ಮುರಿದು ತಂದು, ಬಾಗಿಸಿ, ಮೊದಲಿಲ್ಲದ ಕೊನೆಯಿಲ್ಲದ ಬಳೆ ಮಾಡಿ ಬಾಗಿಲಿಗೆ ಕಟ್ಟುವುದೆಂದರೆ ಅದು ಬರಿಯ ಅಲಂಕಾರವಲ್ಲ. ಇನ್ನೂ ಎಲ್ಲ ಸತ್ತಿಲ್ಲ ಎಂದು ಮನೆಯವರು ತಮಗೆ ತಾವೇ ಹೇಳಿಕೊಳ್ಳುವ ಮಾತು.

ಅದೇ ಹ್ಯಾಂಬರ್ಗಿನಲ್ಲಿ ಯೋಹಾನ್ ಹಿನ್ರಿಕ್ ವಿಕರ್ನ್ ಎಂಬ ಪಾದ್ರಿ ಬಡಮಕ್ಕಳಿಗಾಗಿ ಒಂದು ಆಶ್ರಯಮನೆ ನಡೆಸುತ್ತಿದ್ದ. ಹಬ್ಬ ಎಂದು ಬರುತ್ತದೆ ಎಂದು ಮಕ್ಕಳು ದಿನವೂ ಕೇಳಿ ಕಾಡುತ್ತಿದ್ದರಂತೆ. ೧೮೩೯ರಲ್ಲಿ ಆತ ಒಂದು ಹಳೆಯ ಗಾಡಿಯ ಚಕ್ರವನ್ನು ತಂದು, ಅದರ ಮೇಲೆ ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿಯ ಮೇಣದಬತ್ತಿಗಳನ್ನೂ ಉಳಿದ ದಿನಗಳಿಗೆ ಸಣ್ಣ ಕೆಂಪು ಬತ್ತಿಗಳನ್ನೂ ನಿಲ್ಲಿಸಿ, ದಿನಕ್ಕೊಂದರಂತೆ ಹಚ್ಚಿದ. ಮಕ್ಕಳು ಲೆಕ್ಕ ಕಲಿತರು, ಕಾಯುವುದನ್ನೂ ಕಲಿತರು. ಚಕ್ರಕ್ಕೆ ಫರ್ ಕೊಂಬೆ ಸುತ್ತುವ ಪದ್ಧತಿ ಆಮೇಲೆ ಬಂತು. ಗಮನಿಸಬೇಕಾದ್ದು ಇಷ್ಟು: ಮನೆಯಲ್ಲಿ ಏನಿತ್ತೋ ಅದು, ಊರಿನಲ್ಲಿ ಏನು ಬೆಳೆಯುತ್ತಿತ್ತೋ ಅದು. ಪಾದ್ರಿ ಎಲ್ಲಿಂದಲೂ ಏನನ್ನೂ ತರಿಸಲಿಲ್ಲ.

ಈಗ ನಮ್ಮ ಬಾಗಿಲಿನ ವಸ್ತುವನ್ನು ಕೈಗೆತ್ತಿಕೊಂಡು ನೋಡಿ. ಬಾಟಲಿ ತೊಳೆಯುವ ಕುಂಚವನ್ನು ಹೇಗೆ ಮಾಡುತ್ತಾರೋ ಇದನ್ನೂ ಹಾಗೆಯೇ ಮಾಡುವುದು: ಎರಡು ತಂತಿಗಳ ನಡುವೆ ಕತ್ತರಿಸಿದ ಪ್ಲಾಸ್ಟಿಕ್ಕಿನ ಎಳೆಗಳನ್ನಿಟ್ಟು ತಿರುಚುವುದು. ಅಂಥ ಕುಂಚಗಳನ್ನು ದುಂಡಗೆ ಬಗ್ಗಿಸಿದರೆ ರೀತ್ ಆಯಿತು. ಜಗತ್ತಿನ ಕ್ರಿಸ್ಮಸ್ ಅಲಂಕಾರಗಳ ಬಹುಪಾಲು ಚೀನಾದ ಯಿವು ಎಂಬ ಒಂದೇ ಪಟ್ಟಣದಿಂದ ಹೊರಡುತ್ತದೆ. ಇಲ್ಲದ ಹಿಮವನ್ನು, ಮರವೇ ಅಲ್ಲದ ಮರಕ್ಕೆ ಬಳಿದು, ಕಂಡೇ ಇಲ್ಲದವರಿಗೆ ಕಳಿಸುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ; ಅದು ಅವರ ಹೊಟ್ಟೆಪಾಡು. ನನ್ನ ಸಿಟ್ಟೆಲ್ಲ ಕೊಳ್ಳುವವರ ಮೇಲೆ.

ನಾವಿರುವ ವಸತಿ ಸಮುಚ್ಚಯದ ಸಂಘದವರು ಎಲ್ಲ ಬಾಗಿಲುಗಳಿಗೂ ಒಂದೇ ಬಗೆಯ ರೀತ್ ಸಗಟಾಗಿ ಕೊಳ್ಳಲು ಚಂದಾ ಎತ್ತುತ್ತಿದ್ದಾರೆ. "ಒಮ್ಮೆ ತೊಗೊಂಡ್ರೆ ಹತ್ತು ವರ್ಷ ಏನೂ ಆಗೋದಿಲ್ಲ ಸಾರ್" ಎಂದರು ಕಾರ್ಯದರ್ಶಿಗಳು, ಹೆಮ್ಮೆಯಿಂದ. ನನಗೆ ಗಾಬರಿಯಾದದ್ದೇ ಆ ಮಾತಿಗೆ. ಏನೂ ಆಗದಿರುವ ಹಸಿರು ಎಂಥ ಹಸಿರು? ಪ್ಲಾಸ್ಟಿಕ್ ಮಾವಿನ ತೋರಣದಿಂದ ನಾವು ಏನನ್ನೂ ಕಲಿಯಲಿಲ್ಲವೆ? ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯವರೆಗೆ, ಅಲ್ಲಿಂದ ಮತ್ತೊಂದರವರೆಗೆ, ಧೂಳು ಕುಡಿದು ಬೂದಿಯ ಬಣ್ಣಕ್ಕೆ ತಿರುಗಿ, ಜೇಡನ ಬಲೆ ಹೊತ್ತು ಅದು ತೂಗುತ್ತಲೇ ಇರುತ್ತದೆ. ಮನೆಯಲ್ಲಿ ಮದುವೆಯಾಗಲಿ, ಸಾವಾಗಲಿ, ಪರೀಕ್ಷೆಯಲ್ಲಿ ಹುಡುಗ ನಪಾಸಾಗಲಿ, ಬಾಗಿಲು ಸದಾ ಹಬ್ಬ ಹಬ್ಬ ಎನ್ನುತ್ತಿರುತ್ತದೆ. ನಿಜವಾದ ಮಾವಿನೆಲೆ ನಾಲ್ಕು ದಿನಕ್ಕೆ ಸುರುಟಿಕೊಂಡು, ಹಬ್ಬ ಮುಗಿಯಿತು, ಏಳಿ, ಕೆಲಸಕ್ಕೆ ಹೋಗಿ ಎನ್ನುತ್ತದೆ.

ಹತ್ತು ವರ್ಷವಾದ ಮೇಲೆ ಅದು ಎಲ್ಲಿಗೆ ಹೋಗುತ್ತದೆಂದು ಕಾರ್ಯದರ್ಶಿಗಳನ್ನು ಕೇಳಿದೆ. "ಕಸದೋರು ತೊಗೊಂಡು ಹೋಗ್ತಾರೆ." ಎಲ್ಲಿಗೆ? ಮಂಡೂರಿನ ಜನ ಬೆಂಗಳೂರಿನ ಕಸದ ಬೆಟ್ಟದ ವಾಸನೆಯಲ್ಲಿ ವರ್ಷಗಟ್ಟಲೆ ಬದುಕಿ, ರಸ್ತೆಗಿಳಿದು ಹೋರಾಡಿ, ೨೦೧೪ರಲ್ಲಿ ಲಾರಿಗಳನ್ನು ನಿಲ್ಲಿಸಿದರು. ಲಾರಿಗಳು ನಿಂತವೆ? ಬೇರೆ ಊರುಗಳ ದಾರಿ ಹಿಡಿದವು. ಈ ಪ್ಲಾಸ್ಟಿಕ್ಕು ಕೊಳೆಯುವುದಿಲ್ಲ. ಬೀದಿಯ ಮೂಲೆಯಲ್ಲಿ ಯಾರಾದರೂ ಬೆಂಕಿಯಿಟ್ಟರೆ ಕಣ್ಣು ಗಂಟಲು ಸುಡುವ ಆಮ್ಲದ ಹೊಗೆ, ಅದರೊಡನೆ ಡಯಾಕ್ಸಿನ್ ಎಂಬ ವಿಷ. ನಮ್ಮ ಬಾಗಿಲಿನ ಶುಭ ಇನ್ನೊಬ್ಬರ ಬಾಗಿಲಿನ ಹೊಗೆಯಾಗುತ್ತದೆ ಎಂದರೆ ಸಂಘದವರಿಗೆ ಬೇಸರವಾಗುತ್ತದೆ. ಆಗಲಿ.

"ಹಾಗಾದರೆ ಫರ್ ಮರಕ್ಕೆ ಹಿಮಾಲಯಕ್ಕೆ ಹೋಗೋಣವೆ?" ಎಂದು ಕೇಳುವವರುಂಟು. ಬೇಡ, ಲಾಲ್‌ಬಾಗಿಗೆ ಹೋಗಿ. ಗಾಜಿನ ಮನೆಯ ಕಡೆ ಗೋಪುರದಂತೆ ಎದ್ದು ನಿಂತಿರುವ ಅರಾಕೇರಿಯವನ್ನು ಜನ ಕ್ರಿಸ್ಮಸ್ ಮರ ಎಂದು ಕರೆಯುತ್ತಾರೆ. ಅದರ ತವರು ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯ. ಅಲ್ಲಿ ಕ್ರಿಸ್ಮಸ್ ಬರುವುದು ಬೇಸಿಗೆಯಲ್ಲಿ! ಡ್ರೆಸ್ಡೆನ್ನಿನ ಬಳಿ ಹುಟ್ಟಿ, ೧೯೦೮ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಕೃಂಬಿಗಲ್ಲರು ಬೆಂಗಳೂರಿನ ಬೀದಿಗಳನ್ನು ತಮ್ಮೂರಿನ ಫರ್ ಮರಗಳಿಂದ ತುಂಬಿಸಲಿಲ್ಲ. ಇಲ್ಲಿಯ ಬಿಸಿಲಿಗೆ ಒಗ್ಗುವ ಮರಗಳನ್ನು ಹುಡುಕಿ, ಒಂದರ ಹೂ ಮುಗಿಯುವ ಹೊತ್ತಿಗೆ ಮತ್ತೊಂದು ಅರಳುವ ಹಾಗೆ ನೆಡಿಸಿದರು. ಜರ್ಮನಿಯವರಿಗೇ ಇದ್ದ ಈ ವಿವೇಕ ನಮಗೆ ಏಕಿಲ್ಲ?

ನಮ್ಮ ಕ್ರೈಸ್ತ ಮನೆಗಳಲ್ಲಂತೂ ಇದೆ. ನಮ್ಮ ಎದುರು ಮನೆಯ ಹಿರಿಯ ತಾಯಿ ಮಂಗಳೂರು ಕಡೆಯವರು. ಹಬ್ಬಕ್ಕೆ ಹತ್ತು ದಿನವಿರುವಾಗಲೇ ತಟ್ಟೆಗಳಲ್ಲಿ ರಾಗಿ ಬಿತ್ತುತ್ತಾರೆ. ಅದು ಮೊಳೆತು ಹಸಿರು ಹುಲ್ಲಾದಾಗ ಗೋದಲಿಯ ಸುತ್ತ ಜೋಡಿಸುತ್ತಾರೆ. ಬೆತ್ಲೆಹೆಮ್ಮಿನ ಹುಲ್ಲುಗಾವಲಿಗೆ ರಾಗಿಯ ಪೈರು! "ನೀರು ಹಾಕೋದು ಮಕ್ಕಳ ಕೆಲಸ, ನಾನು ಮುಟ್ಟೋದಿಲ್ಲ" ಎನ್ನುತ್ತಾರೆ ಆಕೆ. ಅವರ ಊರಿನಲ್ಲಿ ಸೆಪ್ಟೆಂಬರ್ ೮ರ ಮೊಂತಿ ಹಬ್ಬದಂದು ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಮಂತ್ರಿಸಿ ಮನೆಗೆ ತರುತ್ತಾರೆ. ಅದೇ ಕರಾವಳಿಯ ಹಿಂದೂ ಮನೆಗಳಲ್ಲಿ ಹೊಸ್ತಿನಂದು ತೆನೆಯನ್ನು ಎಲೆಗಳೊಡನೆ ಕಂಬಕ್ಕೆ, ಬಾಗಿಲಿಗೆ ಕಟ್ಟುತ್ತಾರೆ. ಘಟ್ಟ ಹತ್ತಿದರೆ ಕೊಡಗಿನಲ್ಲಿ ನವೆಂಬರ್ ಕೊನೆಗೋ ಡಿಸೆಂಬರಿಗೋ ಬರುವ ಪುತ್ತರಿ; ಬೆಳದಿಂಗಳಲ್ಲಿ ಗದ್ದೆಗೆ ಹೋಗಿ ಕದಿರು ಕೊಯ್ದು ತಂದು, ಎಲೆಗಳ ಜೊತೆ ಮನೆಯಲ್ಲಿ ಕಟ್ಟುವ ಹಬ್ಬ. ಚಳಿಗಾಲದಲ್ಲಿ ಮನೆಗೆ ಹಸಿರು ಕಟ್ಟುವುದನ್ನು ನಾವು ಯಿವು ಪಟ್ಟಣದಿಂದ ಕಲಿಯಬೇಕಾಗಿರಲಿಲ್ಲ.

ಆದ್ದರಿಂದ ರೀತನ್ನು ಬಿಡಿ ಎನ್ನುವುದಿಲ್ಲ, ಕಟ್ಟಿ ಎನ್ನುತ್ತೇನೆ. ಕಟ್ಟಲು ಬೇಕಾದ ಮೊದಲ ವಸ್ತು ಸಿಂಬೆ. ಕೊಡದ ಕೆಳಗೆ ತಲೆಯ ಮೇಲಿಡುತ್ತಿದ್ದ ಸಿಂಬೆಯೇ, ಸ್ವಲ್ಪ ದೊಡ್ಡದು. ಭತ್ತದ ಹುಲ್ಲನ್ನು ಮಗುವಿನ ಮುಂಗೈ ದಪ್ಪಕ್ಕೆ ಹಿಡಿದು, ತೆಂಗಿನ ನಾರಿನ ಹುರಿಯಿಂದ ಬಿಗಿಯಾಗಿ ಸುತ್ತುತ್ತಾ ಹೋಗಿ, ಒಂದೂವರೆ ಗೇಣು ಅಗಲದ ಬಳೆ ಮಾಡಿ. ಜರ್ಮನಿಯ ಹಳ್ಳಿಗರೂ ಒಳಗೆ ಹುಲ್ಲಿನ ಬಳೆಯನ್ನೇ ಇಡುತ್ತಾರೆ. ಹಸಿರಿಗೆ ಸರ್ವೆ, ಕರಾವಳಿಯವರು ಗಾಳಿಮರ ಎನ್ನುವುದು. ಅದೂ ಪರದೇಶದ್ದೇ, ೧೮೬೦ರ ದಶಕದಲ್ಲಿ ಕಾರವಾರದ ಕಡಲತೀರಕ್ಕೆ ಬಂದದ್ದು. ಈಗ ಅದಿಲ್ಲದ ಕಾರವಾರವನ್ನು ಯಾರೂ ನೆನೆಯಲಾರರು. ಕೊಂಬೆಗಳನ್ನು ಒಂದು ರಾತ್ರಿ ಬಕೀಟಿನ ನೀರಿನಲ್ಲಿ ನಿಲ್ಲಿಸಿ. ಬೆಳಗ್ಗೆ ಚೋಟುದ್ದ ಕತ್ತರಿಸಿ, ಮೂರು ನಾಲ್ಕು ಎಸಳು ಸೇರಿಸಿ ಬುಡವನ್ನು ಸಿಂಬೆಗೆ ಕಟ್ಟಿ. ಮುಂದಿನ ಗೊಂಚಲು ಹಿಂದಿನದರ ಬುಡವನ್ನು ಮುಚ್ಚಬೇಕು. ಎಲ್ಲವೂ ಒಂದೇ ದಿಕ್ಕಿಗೆ ಮಲಗಬೇಕು. ಕನಕಾಂಬರ ಕಟ್ಟಿ ಗೊತ್ತಿರುವ ಬೆರಳುಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೊನೆಯ ಗೊಂಚಲಿನ ಬುಡವನ್ನು ಮೊದಲನೆಯದರ ಕೆಳಗೆ ತೂರಿಸಿದರೆ ಬಳೆಗೆ ಕೊನೆಯೇ ಕಾಣದು.

ಒಡವೆಗೆ ಕೊರತೆಯಿಲ್ಲ. ಸರ್ವೆಯ ಪುಟ್ಟ ಒರಟು ಕಾಯಿಗಳು, ಜಕರಂದದ ದುಂಡನೆಯ ಒಣಕಾಯಿ, ಎರಡು ಭತ್ತದ ತೆನೆ. ಕೆಂಪಿಗೆ ಬ್ಯಾಡಗಿ ಮೆಣಸಿನಕಾಯಿಗಿಂತ ಬೇಕೆ? ಮಲೆನಾಡಿನಲ್ಲಿ ನೆಂಟರಿರುವವರು ಕಾಫಿ ಹಣ್ಣಿನ ಒಂದು ರೆಂಬೆ ಕೇಳಿ ನೋಡಬಹುದು. ಡಿಸೆಂಬರಿನಲ್ಲಿ ಅದು ಹಾಲಿಯ ಹಣ್ಣನ್ನು ನಾಚಿಸುವಷ್ಟು ಕೆಂಪಗಿರುತ್ತದೆ. ಕುಯ್ಲಿನ ಹೊತ್ತಿನಲ್ಲಿ ಕೇಳಿದರೆ ಬೈಗುಳವೂ ಸಿಕ್ಕಬಹುದು. ಗುಲಗಂಜಿ ಮಾತ್ರ ಬೇಡ. ಎಷ್ಟು ಚೆಂದವೋ ಅಷ್ಟು ವಿಷ, ಮಕ್ಕಳಿರುವ ಮನೆಗೆ ಸಲ್ಲದು.

"ಇಷ್ಟಕ್ಕೆಲ್ಲ ಹೊತ್ತೆಲ್ಲಿದೆ?" ಎಂಬ ಪ್ರಶ್ನೆ ನನಗೆ ಗೊತ್ತು. ಆ ಪ್ರಶ್ನೆ ಕೇಳುವ ಗಂಡಸರು ಸಾಮಾನ್ಯವಾಗಿ ಕಟ್ಟುವ ಕೆಲಸ ಹೆಂಗಸರದೆಂದು ಮೊದಲೇ ತೀರ್ಮಾನಿಸಿರುತ್ತಾರೆ. ಹಾಗಾದರೆ ಆ ಹೆಂಗಸರು ಪ್ಲಾಸ್ಟಿಕ್ ತಂದು ತೂಗುಹಾಕುವುದನ್ನು ನಾನು ಆಡಿಕೊಳ್ಳಲಾರೆ. ಅವರ ದಣಿವು ನ್ಯಾಯವಾದದ್ದು. ನಾನು ಹೇಳುತ್ತಿರುವುದು ಭಾನುವಾರ ಮಧ್ಯಾಹ್ನ ಕ್ರಿಕೆಟ್ ನೋಡುತ್ತಾ ಕೂರುವ ಕೈಗಳಿಗೆ. ಎರಡು ಗಂಟೆಯ ಕೆಲಸ. ಆಟ ನೋಡುತ್ತಲೇ ಕಟ್ಟಬಹುದು.

ಎಲೆ ಉದುರಿ ಕಸವಾಗುತ್ತದೆ ಎಂಬುದು ಸಂಘದವರ ಕೊನೆಯ ಅಸ್ತ್ರ. ನಿಜ, ಉದುರುತ್ತದೆ. ನೆರಳಿನಲ್ಲಿ ತೂಗಿ ದಿನವೂ ನೀರು ಚಿಮುಕಿಸಿದರೆ ನಿಧಾನವಾಗಿ ಉದುರುತ್ತದೆ. ಜನವರಿ ೬ರಂದು ಯೂರೋಪಿನ ಅನೇಕ ಕಡೆ ಇದನ್ನು ಇಳಿಸುತ್ತಾರೆ. ನೀವೂ ಅಂದು ಇಳಿಸಿ, ಸೊಪ್ಪನ್ನು ಕುಂಡಗಳ ಬುಡಕ್ಕೆ ಹಾಕಿ, ಮೆಣಸಿನಕಾಯಿಯನ್ನು ಧೂಳು ಒರೆಸಿ ಅಡಿಗೆಮನೆಗೆ ಒಯ್ದು, ಸಿಂಬೆಯನ್ನು ಅಟ್ಟಕ್ಕೆ ಸೇರಿಸಿ. ಅದು ಮುಂದಿನ ವರ್ಷಕ್ಕೂ ಆಗುತ್ತದೆ. ಹುಲ್ಲು ಮಾತ್ರ ಬೇಗ ತನ್ನಿ: ಶಿವಾಜಿನಗರದ ಕಡೆ ಗೋದಲಿಗೆಂದು ಬಂದದ್ದು ಹಬ್ಬ ಹತ್ತಿರವಾದಂತೆ ಖರ್ಚಾಗಿಹೋಗುತ್ತದೆ, ಉಳಿದದ್ದಕ್ಕೆ ಬೆಲೆಯೂ ಏರುತ್ತದೆ.