ಓದದ ಕೋಡ್ ಕಳಿಸಬೇಡಿ!

ಇಂಜಿನಿಯರಿಂಗ್ ವಿದ್ಯಾರ್ಥಿಗಳೇ, ಕೋಡ್ ಬರೆಯುವ ಗೆಳೆಯ ಗೆಳತಿಯರೇ,

ಪ್ರಾಜೆಕ್ಟ್ ರಿಪೋರ್ಟಿಗೆ ಲಿಬ್ರೆಆಫೀಸ್, ಕಾಲೇಜು ಹಬ್ಬದ ಪೋಸ್ಟರಿಗೆ ಗಿಂಪ್, ಸಿನಿಮಾಕ್ಕೆ ವಿಎಲ್‌ಸಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತ ಮೇಲೆ ಹಳೇ ಲ್ಯಾಪ್‌ಟಾಪಿಗೆ ಉಬುಂಟು ಹಾಕಿಕೊಂಡವರೂ ನಮ್ಮಲ್ಲಿದ್ದಾರೆ. ಇವ್ಯಾವಕ್ಕೂ ಯಾರೂ ನಮ್ಮಿಂದ ಒಂದು ಪೈಸೆ ಕೇಳಿಲ್ಲ.

ಇಂಥ ಎಷ್ಟೋ ತಂತ್ರಾಂಶಗಳನ್ನು ನಡೆಸುವವರು ಹಗಲು ಬೇರೆ ನೌಕರಿ ಮಾಡಿ, ರಾತ್ರಿ ಕೂತು ಊರವರ ಕೋಡ್ ಪರಿಶೀಲಿಸುವ ಬೆರಳೆಣಿಕೆಯ ಮೇಂಟೇನರ್‌ಗಳು. ಈಗ ಅವರ ಮುಂದೆ ಎಐ ಬರೆದ ಕೋಡಿನ ರಾಶಿ ಬೀಳುತ್ತಿದೆ. ಐನೂರು ಸಾಲು ಬರೆಯಲು ಎಐಗೆ ನಿಮಿಷ ಸಾಕು. ಓದಿ ತಪ್ಪು ಹಿಡಿಯಲು ಮನುಷ್ಯನಿಗೆ ಇಡೀ ಸಂಜೆ ಬೇಕು. ಲೈಬ್ರರಿಯಲ್ಲೇ ಇಲ್ಲದ ಫಂಕ್ಷನ್ನನ್ನು ಎಐ ಕೆಲವೊಮ್ಮೆ ಧೈರ್ಯವಾಗಿ ಕರೆಯುತ್ತದೆ. ಒಂದು ಬಟನ್ ಸರಿಮಾಡು ಎಂದರೆ ಹತ್ತು ಫೈಲು ಕದಡಿ ಕೊಡುತ್ತದೆ.

ಪರಿಣಾಮ ನೋಡಿ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಮುನ್ನಡೆಸುವ, ಇಂಟರ್ನೆಟ್ಟಿನಲ್ಲಿ ಡೇಟಾ ಸಾಗಿಸುವ ಕರ್ಲ್ ತಂತ್ರಾಂಶದ ಯೋಜನೆ, ಭದ್ರತಾ ದೋಷ ಹುಡುಕಿದವರಿಗೆ ಹಣ ಕೊಡುತ್ತಿತ್ತು. ಎಐ ಹೆಣೆದ ಹುಸಿ ವರದಿಗಳ ಕಾಟಕ್ಕೆ 2026ರ ಜನವರಿ ಕೊನೆಗೆ ಆ ಬಹುಮಾನವೇ ನಿಂತಿತು. ಜೆಂಟೂ ಲಿನಕ್ಸ್ ಯೋಜನೆ 2024ರಲ್ಲೇ ಎಐ ಕೋಡಿಗೆ ಬಾಗಿಲು ಹಾಕಿತು. ಗ್ನೋಮ್ ಡೆಸ್ಕ್‌ಟಾಪಿನ ಎಕ್ಸ್‌ಟೆನ್ಷನ್ ಪರಿಶೀಲಕರು 2025ರ ಡಿಸೆಂಬರಿನಲ್ಲಿ ನಿಯಮ ತಂದರು: ಕಲಿಯಲು ಎಐ ಬಳಸಿ, ಅದರಿಂದಲೇ ಬರೆಸಿದ ಎಕ್ಸ್‌ಟೆನ್ಷನ್ ಮಾತ್ರ ತರಬೇಡಿ.

ಮುಕ್ತ ತಂತ್ರಾಂಶಕ್ಕೆ ಕೋಡ್ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ 2020ರ ಹ್ಯಾಕ್‌ಟೋಬರ್‌ಫೆಸ್ಟ್ ನೆನಪಿದೆಯೇ? ಟೀ ಶರ್ಟಿನ ಆಸೆಗೆ ರೀಡ್‌ಮಿ ಫೈಲಿಗೆ ಒಂದೊಂದು ಪದ ಸೇರಿಸಿ ಕಳಿಸಿದವರಿಂದ ನಮ್ಮ ದೇಶದ ವಿದ್ಯಾರ್ಥಿಗಳಿಗೂ ಕೆಟ್ಟ ಹೆಸರು ಬಂತು. ಈಗ ಟೀ ಶರ್ಟಿನ ಜಾಗಕ್ಕೆ ರೆಸ್ಯೂಮೆ ತುಂಬಿಸುವ ಆಸೆ ಬಂದಿದೆ.

ಎಐ ಬಿಟ್ಟುಬಿಡಿ ಎನ್ನುತ್ತಿಲ್ಲ. ಫೆಡೋರಾ ಲಿನಕ್ಸ್ ಯೋಜನೆ 2025ರಲ್ಲಿ ಎಐ ನೆರವಿಗೆ ಒಪ್ಪಿದೆ. ಆದರೆ ಪೂರ್ತಿ ಹೊಣೆ ಕಳಿಸಿದವರದೇ ಎಂದಿದೆ. ನಾವು ಕೇಳುವುದೂ ಅಷ್ಟೇ:

1. ಕಳಿಸುವ ಮುನ್ನ ಪ್ರತಿ ಸಾಲು ಓದಿ. "ಇದು ಯಾಕೆ?" ಎಂದು ಕೇಳಿದರೆ ಮತ್ತೆ ಎಐ ಮೊರೆಹೋಗದೆ ಉತ್ತರಿಸುವಂತಿರಬೇಕು.

2. ನಿಮ್ಮ ಯಂತ್ರದಲ್ಲೇ ಬಿಲ್ಡ್ ಮಾಡಿ, ಓಡಿಸಿ ನೋಡಿ.

3. ಎಐ ನೆರವು ಪಡೆದಿದ್ದರೆ ಮುಚ್ಚಿಡದೆ ಬರೆಯಿರಿ. ಬೇಡ ಎಂದ ಯೋಜನೆಗೆ ಕಳಿಸಲೇಬೇಡಿ.

4. ಕನ್ನಡದ ಕೆಲಸಕ್ಕೆ ಇಳಿಯಿರಿ. ಒತ್ತಕ್ಷರ ಒಡೆದದ್ದು, ಪಿಡಿಎಫ್‌ನಿಂದ ಕಾಪಿ ಮಾಡಿದಾಗ ಅಕ್ಷರ ಕಲಸಿಹೋದದ್ದು, ಮೆನುವಿನಲ್ಲಿ ಅರ್ಥವಾಗದ ಅನುವಾದ: ಇವೆಲ್ಲ ಕನ್ನಡ ಓದುವ ಕಣ್ಣಿಗೆ ಥಟ್ಟನೆ ಕಾಣುತ್ತವೆ. ಸ್ಕ್ರೀನ್‌ಶಾಟ್, ಆವೃತ್ತಿ ಸಂಖ್ಯೆ, ಏನು ಮಾಡಿದಾಗ ಹೀಗಾಯಿತು ಎಂಬ ವಿವರ ಹಾಕಿ ಬಗ್ ರಿಪೋರ್ಟ್ ಮಾಡಿ. ಕೋಡ್ ಬಾರದವರೂ ಮಾಡಬಹುದಾದ ಕೆಲಸವಿದು.

ಈ ಭಾನುವಾರವೇ ಶುರುಮಾಡಿ. ದಿನಾ ಬಳಸುವ ಒಂದು ತಂತ್ರಾಂಶ ಆರಿಸಿ, ಒಂದೇ ಒಂದು ದೋಷ ಹಿಡಿಯಿರಿ, ಸರಿಯಾಗುವವರೆಗೂ ಬೆನ್ನು ಬಿಡಬೇಡಿ.

ಬರೆದದ್ದು ಯಂತ್ರವಿರಲಿ, ಹೊಣೆ ನಮ್ಮದಿರಲಿ!

ಮುಕ್ತ ತಂತ್ರಾಂಶ ಬಳಸುವ ಗೆಳೆಯರು

(ಓದಿದ ಮೇಲೆ ಎಸೆಯಬೇಡಿ, ಪಕ್ಕದವರಿಗೆ ಕೊಡಿ)